ಎರಡು ಹೆಸರು, ಒಂದು ದಾಂಪತ್ಯ



ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದಲ್ಲಿ ಲೇಪಾಕ್ಷಿ ಇದೆ. ಅಲ್ಲಿಗೆ ಪ್ರವಾಸ ಹೋದವರಿಗೆ ದೊಡ್ಡ ಕಲ್ಲಿನ ಬಸವ, ನೆಲಕ್ಕೆ ತಾಗದ ಕಂಬ ನೆನಪಿನಲ್ಲಿ ಉಳಿಯುತ್ತವೆ. ಹಿಂಬದಿಯ ಕಲ್ಯಾಣ ಮಂಟಪವನ್ನು ಮಾತ್ರ ಹೆಚ್ಚಿನವರು ಒಂದು ಸುತ್ತು ಹಾಕಿ ಬಂದುಬಿಡುತ್ತಾರೆ. 16ನೇ ಶತಮಾನದಲ್ಲಿ ವಿಜಯನಗರದ ಅಧಿಕಾರಿ ವಿರೂಪಣ್ಣನ ಕಾಲದಲ್ಲಿ ಶಿವ ಪಾರ್ವತಿಯರ ಮದುವೆಗೆಂದು ಕಟ್ಟತೊಡಗಿದ ಮಂಟಪವದು. ಒಂದೊಂದು ಕಂಬದ ಮೇಲೂ ಮದುವೆಗೆ ಬಂದ ಅತಿಥಿಗಳನ್ನು ಬಹಳ ಚೆನ್ನಾಗಿ ಕೆತ್ತಿದ್ದಾರೆ. ಆದರೆ ಮೇಲೆ ಛಾವಣಿ ಇಲ್ಲ. ಕೆಲಸ ನಡುವೆಯೇ ನಿಂತುಹೋಯಿತು. ಅತಿಥಿಗಳೆಲ್ಲ ಬಂದು ನಿಂತಿದ್ದಾರೆ, ಮನೆ ಮಾತ್ರ ಮುಗಿದಿಲ್ಲ.

ನಮ್ಮ ಎಷ್ಟೋ ಮದುವೆಗಳನ್ನು ನೋಡಿದಾಗ ನನಗೆ ಆ ಮಂಟಪ ನೆನಪಾಗುತ್ತದೆ. ಛತ್ರ, ಊಟ, ವಿಡಿಯೋ, ಆಲ್ಬಂ ಎಲ್ಲವೂ ಕೆತ್ತನೆಯ ಕಂಬಗಳಂತೆ ಸೊಗಸಾಗಿರುತ್ತವೆ. ಒಂದೆರಡು ವರ್ಷ ಕಳೆದ ಮೇಲೆ ಅದೇ ಗಂಡ ಹೆಂಡತಿ ಗುರುಗಳ ಮನೆಗೆ ಬಂದು ಕುರ್ಚಿಯ ಎರಡು ತುದಿಯಲ್ಲಿ ಕುಳಿತಾಗ ಅವರ ಬಾಯಲ್ಲಿ ಬರುವ ಮಾತು ಹೆಚ್ಚು ಕಡಿಮೆ ಒಂದೇ: “ಇವರು ಇಂಥವರು ಅಂತ ನನಗೆ ಗೊತ್ತೇ ಇರಲಿಲ್ಲ ಸ್ವಾಮಿ.” ಕುಡಿತ, ಸಾಲ, ಅತ್ತೆಯ ಕಾಟ, ಅನುಮಾನ, ಕಾರಣ ಬೇರೆ ಬೇರೆ. ಈ ಮಾತು ಮಾತ್ರ ಎಲ್ಲ ಕಡೆ ಇರುತ್ತದೆ. ಆರೋಗ್ಯಕರ ಕ್ರೈಸ್ತ ದಾಂಪತ್ಯ ಎಂದರೇನು ಎಂದು ಕೇಳುವವರಿಗೆ ನಾನು ಮೊದಲು ಪ್ರೀತಿಯ ಬಗ್ಗೆ ಹೇಳುವುದಿಲ್ಲ. ನೀನು ಯಾರು ಎಂದು ನಿನಗೆ ತಿಳಿದಿದೆಯೇ, ನಿನ್ನ ಕೈ ಹಿಡಿಯುವವರಿಗೆ ಅದನ್ನು ಮರೆಮಾಚದೆ ಹೇಳಿದ್ದೀಯಾ ಎಂದು ಕೇಳುತ್ತೇನೆ. ಈ ಪ್ರಶ್ನೆ ಹಿಂದೂಪುರ, ಕಲ್ಯಾಣದುರ್ಗದ ಗಡಿಸೀಮೆಯಲ್ಲಿ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗಡಿಯ ಆಚೆ ಈಚೆ

ಈ ಎರಡೂ ಊರುಗಳು ಬಹುಕಾಲ ಅನಂತಪುರ ಜಿಲ್ಲೆಯಲ್ಲೇ ಇದ್ದವು. ಆ ಜಿಲ್ಲೆಯಾದರೂ ಹುಟ್ಟಿದ್ದು 1882ರಲ್ಲಿ, ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು. 2022ರ ಏಪ್ರಿಲ್‌ನಲ್ಲಿ ಆಂಧ್ರಪ್ರದೇಶ ಹೊಸ ಜಿಲ್ಲೆಗಳನ್ನು ಮಾಡಿದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬದಲಾದರೂ ಜನರ ಬಾಯಿ ಬದಲಾಗಲಿಲ್ಲ. ಮಡಕಶಿರಾ ಕಡೆಯ ಅಮರಾಪುರ, ರೊಳ್ಳ, ಗುಡಿಬಂಡೆ, ಅಗಳಿ ಮಂಡಲಗಳಲ್ಲಿ ಮನೆಮಾತು ಕನ್ನಡ. ಕಲ್ಯಾಣದುರ್ಗ, ರಾಯದುರ್ಗದ ಕಡೆಯೂ ಕನ್ನಡ ತೆಲುಗು ಒಂದೇ ಅಂಗಳದಲ್ಲಿ ಓಡಾಡುತ್ತವೆ. ಇತ್ತ ಕರ್ನಾಟಕದ ಪಾವಗಡ ತಾಲ್ಲೂಕಂತೂ ಹೆಚ್ಚುಕಡಿಮೆ ಆಂಧ್ರದ ಮಡಿಲಲ್ಲೇ ಕುಳಿತಿದೆ. ಹೆಣ್ಣು ಕೊಡುವುದು, ತರುವುದು ಗಡಿ ನೋಡಿ ನಡೆಯುವುದಿಲ್ಲ.

ಧರ್ಮಸಭೆಯ ಲೆಕ್ಕದಲ್ಲಿ ಮಾತ್ರ ಗಡಿ ಇದೆ. ಹಿಂದೂಪುರ, ಕಲ್ಯಾಣದುರ್ಗ 1967ರಲ್ಲಿ ಸ್ಥಾಪನೆಯಾದ ಕರ್ನೂಲು ಧರ್ಮಕ್ಷೇತ್ರಕ್ಕೆ ಸೇರುತ್ತವೆ. ಗೌರಿಬಿದನೂರು, ಪಾವಗಡ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ. ಚಳ್ಳಕೆರೆ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ. ಹಿಂದೆ ಹೀಗಿರಲಿಲ್ಲ. 18ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಯೇಸುಸಭೆಯ ಗುರುಗಳು ಕರ್ನಾಟಿಕ್ ಮಿಷನ್ ಎಂಬ ಹೆಸರಿನಲ್ಲಿ ಈ ಸೀಮೆಗೆ ಬಂದಾಗ ದೇವನಹಳ್ಳಿ, ಚಿಕ್ಕಬಳ್ಳಾಪುರ, ಅನಂತಪುರ ಸೀಮೆಯ ಕೃಷ್ಣಾಪುರ ಎಲ್ಲವೂ ಅವರಿಗೆ ಒಂದೇ ಹೊಲದ ಸಾಲುಗಳಾಗಿದ್ದವು. ಅವರ ಕಾಲದಲ್ಲಿ ಈ ಕಡೆಯ ಹುಡುಗ ಆ ಕಡೆಯ ಹುಡುಗಿಯನ್ನು ಮದುವೆಯಾದರೆ ಎರಡು ಕಚೇರಿಗೆ ಕಾಗದ ಹೋಗಬೇಕಿರಲಿಲ್ಲ!

ಈಗ ಹೋಗಬೇಕು. ಆ ಕಾಗದದಿಂದಲೇ ವಿಷಯಕ್ಕೆ ಬರುತ್ತೇನೆ.

ದೀಕ್ಷಾಸ್ನಾನದ ಪುಸ್ತಕ

ಮದುವೆಗೆ ಬರೆಸಲು ಬಂದವರನ್ನು ಗುರುಗಳು ಮೊದಲು ಕೇಳುವುದು ದೀಕ್ಷಾಸ್ನಾನದ ಪತ್ರ. ಹಳೆಯದಿದ್ದರೆ ಆಗದು, ಹೊಸದಾಗಿ ತರಿಸಬೇಕು. “ಅಪ್ಪ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾರೆ ಸ್ವಾಮಿ, ಇದೇ ಸಾಲದಾ?” ಎಂದು ಕೇಳುವವರಿದ್ದಾರೆ. ಸಾಲದು. ಏಕೆಂದರೆ ಕಥೋಲಿಕ ಧರ್ಮಸಭೆಯಲ್ಲಿ ಒಬ್ಬರ ಮದುವೆಯಾದಾಗ ಆ ಸಂಗತಿಯನ್ನು ಅವರ ದೀಕ್ಷಾಸ್ನಾನದ ದಾಖಲೆಯ ಪಕ್ಕದಲ್ಲಿ ಬರೆಯಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಹೊಸ ಪತ್ರ ತರಿಸಿದರೆ, ಆ ಪುಸ್ತಕದಲ್ಲಿ ಈ ವ್ಯಕ್ತಿಗೆ ಬೇರೆ ಮದುವೆ ದಾಖಲಾಗಿಲ್ಲ ಎಂಬುದು ತಿಳಿಯುತ್ತದೆ.

ಇದನ್ನು ಬರೀ ಆಫೀಸಿನ ಕೆಲಸವೆಂದು ನೋಡಬೇಡಿ. ಇದರೊಳಗೆ ಒಂದು ದೇವಶಾಸ್ತ್ರವಿದೆ. ಮದುವೆಯನ್ನು ಯಾವುದರ ಪಕ್ಕದಲ್ಲಿ ಬರೆಯುತ್ತಾರೆ? ಜಾತಿಯ ಪಕ್ಕದಲ್ಲಲ್ಲ, ಆಸ್ತಿಯ ಪಕ್ಕದಲ್ಲಲ್ಲ, ಸಂಬಳದ ಪಕ್ಕದಲ್ಲೂ ಅಲ್ಲ. “ಈ ಮಗು ಕ್ರಿಸ್ತನಲ್ಲಿ ದೇವರ ಮಗುವಾಯಿತು” ಎಂಬ ಸಾಲಿನ ಪಕ್ಕದಲ್ಲಿ. ಗಂಡನಾಗುವುದಕ್ಕೆ ಮೊದಲು, ಹೆಂಡತಿಯಾಗುವುದಕ್ಕೆ ಮೊದಲು, ನೀವು ಯಾರೋ ಆಗಿದ್ದೀರಿ. ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನನ್ನು ಗಂಡು ಹೆಣ್ಣಾಗಿ ದೇವರ ಸ್ವರೂಪದಲ್ಲಿ ಸೃಷ್ಟಿಸಿದ ವಿಷಯವನ್ನು ಹೇಳಿದ ನಂತರವೇ ಎರಡನೇ ಅಧ್ಯಾಯ ಅವರು ಒಂದಾಗುವ ವಿಷಯ ಹೇಳುತ್ತದೆ. ಕ್ರಮ ಗಮನಿಸಿ. ತನ್ನದು ಎಂದು ಏನೂ ಇಲ್ಲದವನು ಇನ್ನೊಬ್ಬರಿಗೆ ಏನನ್ನು ಕೊಟ್ಟಾನು? ಮದುವೆಯಲ್ಲಿ ನಡೆಯುವುದು ಒಬ್ಬರು ಇನ್ನೊಬ್ಬರಿಗೆ ತಮ್ಮನ್ನೇ ಕೊಡುವ ಸಮ್ಮತಿ. ಆ ಸಮ್ಮತಿಯೇ ಮದುವೆಯನ್ನು ಉಂಟುಮಾಡುತ್ತದೆ ಎಂದು ಸಂಹಿತೆಯ 1057ನೇ ವಿಧಿ ಹೇಳುತ್ತದೆ. ತಾಳಿ ನಮ್ಮ ನಾಡಿನ ಒಳ್ಳೆಯ ಗುರುತು, ಶಿಲುಬೆಯ ಗುರುತಿನ ತಾಳಿಯನ್ನು ನಾವು ಆಶೀರ್ವದಿಸಿ ಕಟ್ಟಿಸುತ್ತೇವೆ. ಆದರೆ ಮದುವೆ ನಿಲ್ಲುವುದು “ಸ್ವೀಕರಿಸುತ್ತೇನೆ” ಎಂದು ಇಬ್ಬರು ಬಾಯಿಬಿಟ್ಟು ಹೇಳುವ ಮಾತಿನ ಮೇಲೆ.

ಎರಡು ಹೆಸರಿನ ಕಷ್ಟ

ಹೇಳಲು ಸ್ವಲ್ಪ ಮುಜುಗರವಾಗುವ, ಆದರೆ ಹೇಳದೇ ಇರಲಾಗದ ವಿಷಯವೊಂದಿದೆ. ನಮ್ಮಲ್ಲಿ ಬಹಳ ಮಂದಿಗೆ ಎರಡು ಹೆಸರು. ದೇವಾಲಯದ ಪುಸ್ತಕದಲ್ಲಿ ಒಂದು, ಶಾಲೆಯ ದಾಖಲೆ, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು. ದೇವಾಲಯದಲ್ಲಿ ಕ್ರೈಸ್ತ, ತಹಶೀಲ್ದಾರರ ಕಚೇರಿಯಲ್ಲಿ ಹಿಂದೂ.

ಇದು ಹೇಗೆ ಬಂತು ಎಂಬುದನ್ನು ಯುವಜನರು ತಿಳಿಯಬೇಕು. 1950ರ ಪರಿಶಿಷ್ಟ ಜಾತಿಗಳ ಸಂವಿಧಾನ ಆದೇಶ ಮೊದಲಿಗೆ ಹಿಂದೂಗಳನ್ನು ಮಾತ್ರ ಪರಿಶಿಷ್ಟ ಜಾತಿ ಎಂದು ಒಪ್ಪಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು. ಕ್ರೈಸ್ತರಾದ ದಲಿತರನ್ನು ಹೊರಗೇ ಉಳಿಸಿತು. ಆಂಧ್ರಪ್ರದೇಶದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಬಿ.ಸಿ. ‘ಸಿ’ ಗುಂಪಿಗೆ ಸೇರುತ್ತಾರೆ. ಆ ಗುಂಪಿಗಿರುವ ಮೀಸಲಾತಿ ಶೇ. 1. ಕೇರಿಯಲ್ಲಿ ಮನೆ ಅದೇ, ಅವಮಾನ ಅದೇ, ಕೂಲಿ ಅದೇ. ಜ್ಞಾನಸ್ನಾನ ಪಡೆದ ಮಾತ್ರಕ್ಕೆ ಸವಲತ್ತು ಮಾತ್ರ ಹೋಯಿತು. ಇದು ಅನ್ಯಾಯವೆಂದು ನಮ್ಮ ಧರ್ಮಸಭೆ ಬಹುಕಾಲದಿಂದ ಹೇಳುತ್ತಿದೆ. 2023ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶ ವಿಧಾನಸಭೆಯೇ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಗೆ ಸೇರಿಸಬೇಕೆಂದು ನಿರ್ಣಯ ಮಾಡಿತು. ಕೇಂದ್ರ ಸರ್ಕಾರ ಇದನ್ನು ಪರಿಶೀಲಿಸಲು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. ಇನ್ನೊಂದು ಕಡೆ, 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್, ಕ್ರೈಸ್ತ ವಿಶ್ವಾಸವನ್ನು ಆಚರಿಸುತ್ತಾ ಸವಲತ್ತಿಗಾಗಿ ಮಾತ್ರ ಹಿಂದೂ ಎನ್ನುವುದನ್ನು ಒಪ್ಪಲಾಗದೆಂದು ಪುದುಚೇರಿಯ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು.

ಮಗಳ ಓದಿಗಾಗಿ, ಮಗನ ಕೆಲಸಕ್ಕಾಗಿ ಎರಡು ಹೆಸರಿನಲ್ಲಿ ಬದುಕಿದ ಬಡ ತಂದೆತಾಯಿಯರ ಮೇಲೆ ಕಲ್ಲೆಸೆಯುವ ಮನಸ್ಸು ನನಗಿಲ್ಲ. ಆ ಇಕ್ಕಟ್ಟನ್ನು ತಂದಿಟ್ಟಿದ್ದು ಅವರಲ್ಲ. ನನ್ನ ಕಳವಳ ಇರುವುದು ಮದುವೆಯ ವಿಷಯದಲ್ಲಿ. ಈ ಎರಡು ಹೆಸರಿನ ಅಭ್ಯಾಸ ನಿಧಾನವಾಗಿ ಗಂಡ ಹೆಂಡಿರ ನಡುವೆ ನುಸುಳುತ್ತದೆ. ಪ್ರಮಾಣಪತ್ರ ಉಳಿಯಲಿ ಎಂದು ಕೆಲವರು ಮೊದಲು ಬೇರೆ ಕಡೆ ತಾಳಿ ಕಟ್ಟಿ ಹಿಂದೂ ವಿವಾಹವೆಂದು ನೋಂದಾಯಿಸಿಕೊಂಡು, “ದೇವಾಲಯದಲ್ಲಿ ಆಮೇಲೆ ನೋಡೋಣ” ಎನ್ನುತ್ತಾರೆ. ಇನ್ನು ಕೆಲವರು ಹೆಣ್ಣಿನ ಕಡೆಯವರಿಗೆ ತಾವು ಕ್ರೈಸ್ತರೆಂಬುದನ್ನೇ ಹೇಳುವುದಿಲ್ಲ. ಮದುವೆಯಾದ ಮೊದಲ ಭಾನುವಾರ ವಿಷಯ ಹೊರಬೀಳುತ್ತದೆ.

ಆಂಧ್ರದ್ದೇ ಒಂದು ಪ್ರಕರಣ ಕೇಳಿ. 1996ರ ಅಕ್ಟೋಬರ್‌ನಲ್ಲಿ ರೋಮನ್ ಕಥೋಲಿಕ ಯುವಕನೊಬ್ಬ ಹಿಂದೂ ಯುವತಿಯೊಬ್ಬಳನ್ನು ದೇವಸ್ಥಾನದಲ್ಲಿ, ಎರಡೂ ಕಡೆಯ ಹಿರಿಯರಿಲ್ಲದೆ, ತಾಳಿ ಕಟ್ಟಿ ಮದುವೆಯಾದ. ಕೆಲವೇ ದಿನಗಳಲ್ಲಿ ಹಿಂದೂ ವಿವಾಹ ಕಾಯಿದೆಯಡಿ ನೋಂದಣಿಯೂ ಆಯಿತು. ಐದು ತಿಂಗಳು ತುಂಬುವುದರೊಳಗೆ ಯುವತಿ ವಿಶಾಖಪಟ್ಟಣದ ಕೌಟುಂಬಿಕ ನ್ಯಾಯಾಲಯಕ್ಕೆ ಹೋದಳು. ತನ್ನ ಸ್ಥಾನಮಾನದ ಬಗ್ಗೆ ಆತ ಸುಳ್ಳು ಹೇಳಿದ, ಆತ ಕ್ರೈಸ್ತ ಎಂಬುದು ಅವಳ ದೂರು. ಪ್ರಕರಣ ಸುಪ್ರೀಂ ಕೋರ್ಟ್ ತನಕ ನಡೆಯಿತು. 2008ರ ಡಿಸೆಂಬರ್‌ನಲ್ಲಿ ಬಂದ ತೀರ್ಪಿನ ಸಾರ ಇಷ್ಟು: 1955ರ ಹಿಂದೂ ವಿವಾಹ ಕಾಯಿದೆ ಇಬ್ಬರು ಹಿಂದೂಗಳ ನಡುವಿನ ಮದುವೆಗೆ ಮಾತ್ರ, ಒಬ್ಬರು ಕ್ರೈಸ್ತರಾಗಿದ್ದರೆ ಆ ಕಾಯಿದೆಯಡಿ ಆದ ಮದುವೆ ಮದುವೆಯೇ ಅಲ್ಲ. ಹನ್ನೆರಡು ವರ್ಷ ಕೋರ್ಟಿಗೆ ಅಲೆದ ಇಬ್ಬರಿಗೂ ಕೊನೆಗೆ ಉಳಿದದ್ದು ಏನು ಎಂದು ಯೋಚಿಸಿ. ಕ್ರೈಸ್ತರ ಮದುವೆಗೆಂದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಇದೆ, ಬೇರೆ ಬೇರೆ ಮತದವರಿಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ. ನೇರ ದಾರಿಗಳಿರುವಾಗ ಅಡ್ಡದಾರಿ ಏಕೆ?

ಧರ್ಮಸಭೆಯ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಮ್ಮತಿ ಪಡೆಯುವ ಸಲುವಾಗಿ, ಕೂಡಿ ಬಾಳುವುದನ್ನೇ ಗಂಭೀರವಾಗಿ ಕೆಡಿಸಬಹುದಾದ ಗುಣವೊಂದರ ಬಗ್ಗೆ ಮೋಸ ಮಾಡಿದರೆ ಆ ಮದುವೆ ಅಸಿಂಧು ಎಂದು 1098ನೇ ವಿಧಿ ಹೇಳುತ್ತದೆ. ಹಾಗೆಯೇ ಕಥೋಲಿಕರು ಗುರುಗಳು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಸಮ್ಮತಿ ಕೊಡಬೇಕು. ಇಲ್ಲವಾದರೆ ವಿಶೇಷ ಅನುಮತಿಯಿಲ್ಲದೆ ಅದು ಸಂಸ್ಕಾರವಾಗದು. ಈಗಾಗಲೇ ಹಾಗೆ ಮದುವೆಯಾಗಿ ಮಕ್ಕಳೂ ಇರುವವರು ಹೆದರಬೇಕಾಗಿಲ್ಲ, ನಾಚಿ ಬಲಿಪೂಜೆಗೆ ಬರುವುದನ್ನು ಬಿಡಬೇಕಾಗಿಯೂ ಇಲ್ಲ. ಗುರುಗಳ ಬಳಿ ಬನ್ನಿ. ಸರಿಪಡಿಸುವ ಕ್ರಮ ಇದೆ, ಅದಕ್ಕೆ ಛತ್ರವೂ ಬೇಡ, ಊಟವೂ ಬೇಡ. ಒಂದು ಸಂಜೆ, ಇಬ್ಬರು ಸಾಕ್ಷಿಗಳು ಸಾಕು.

ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ತೆಗೆದುಬಿಡುತ್ತೇನೆ. ಕ್ರೈಸ್ತ ಹೆಸರೆಂದರೆ ಯೂರೋಪಿನ ಸಂತರ ಹೆಸರೇ ಆಗಬೇಕೆಂದಿಲ್ಲ. ಕ್ರೈಸ್ತ ಭಾವನೆಗೆ ವಿರುದ್ಧವಾದ ಹೆಸರು ಬೇಡ ಎಂದಷ್ಟೇ ಸಂಹಿತೆ ಹೇಳುತ್ತದೆ. ಶಾಂತಿ, ಕರುಣಾಕರ, ಜ್ಯೋತಿ, ದಯಾನಂದ ಎಂದು ಪುಸ್ತಕದಲ್ಲಿ ಬರೆಯಿಸಬಹುದು. ಹುಟ್ಟುವ ಮಗುವಿಗೆ ದೇವಾಲಯದಲ್ಲೂ ಶಾಲೆಯಲ್ಲೂ ಒಂದೇ ಹೆಸರು ಇರಲಿ ಎಂದು ನಿರ್ಧರಿಸುವ ಹೊಸ ಜೋಡಿಗಳನ್ನು ಕಂಡರೆ ನನಗೆ ಬಹಳ ಸಂತೋಷ.

ಗಂಡ ಹೆಂಡಿರ ನಡುವೆ ಮಾತ್ರ ಎರಡನೆಯ ಹೆಸರು ಇರಕೂಡದು. ಮಕ್ಕಳ ಶಾಲೆಯ ಅರ್ಜಿಯಲ್ಲಿ ಧರ್ಮದ ಜಾಗದಲ್ಲಿ ಏನು ಬರೆಯುತ್ತೇವೆ, ಅದಕ್ಕೆ ಕೊಡಬೇಕಾದ ಬೆಲೆ ಏನು, ಇಬ್ಬರೂ ಆ ಬೆಲೆಗೆ ಸಿದ್ಧರೇ? ಇದನ್ನು ಬಟ್ಟೆ ತರಲು ಹೋಗುವ ಮೊದಲೇ ಮಾತಾಡಿಕೊಳ್ಳಬೇಕು.

ದೇವಸಹಾಯಂ ಮತ್ತು ಅವರ ಪತ್ನಿ

ಈ ವಿಷಯ ಧ್ಯಾನಿಸುವವರಿಗೆ ಸಂತ ದೇವಸಹಾಯಂ ಅವರಿಗಿಂತ ಹತ್ತಿರದ ಮಾದರಿ ಇಲ್ಲ. 1712ರಲ್ಲಿ ಈಗಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂನಲ್ಲಿ ಹುಟ್ಟಿ, ತಿರುವಾಂಕೂರಿನ ಅರಮನೆಯಲ್ಲಿ ಅಧಿಕಾರಿಯಾಗಿದ್ದು, ಮದುವೆಯಾದ ಮೇಲೆ, 1745ರಲ್ಲಿ ವಡಕ್ಕನ್‌ಕುಳಂನಲ್ಲಿ ದೀಕ್ಷಾಸ್ನಾನ ಪಡೆದರು. ಪತ್ನಿ ಭಾರ್ಗವಿಯಮ್ಮ ಕೂಡ ವಿಶ್ವಾಸಕ್ಕೆ ಬಂದರು. ಮೇಲುಜಾತಿಯ ಈ ಮನುಷ್ಯ ಕೆಳಜಾತಿಯವರೆನಿಸಿಕೊಂಡವರ ಜೊತೆ ಸಮನಾಗಿ ಬೆರೆತದ್ದು ಹಲವರಿಗೆ ಸಹಿಸಲಾಗಲಿಲ್ಲ. ಸೆರೆ, ಹಿಂಸೆ, ಕೊನೆಗೆ 1752ರಲ್ಲಿ ಗುಂಡಿಗೆ ಬಲಿ. ಜಗದ್ಗುರು ಫ್ರಾನ್ಸಿಸರು 2022ರ ಮೇ 15ರಂದು ಅವರನ್ನು ಸಂತರೆಂದು ಘೋಷಿಸಿದಾಗ ಅವರ ಹೆಸರಿನ ಹಿಂದಿದ್ದ ಜಾತಿಸೂಚಕ ಪದವನ್ನು ರೋಮ್ ಆಗಲೇ ತೆಗೆದುಹಾಕಿತ್ತು. ಸನ್ಯಾಸಿಯಲ್ಲ, ಗುರುವಲ್ಲ, ಸಂಸಾರಸ್ಥ. ಗಂಡ ಹೆಂಡತಿ ಇಬ್ಬರೂ ತಾವು ಯಾರೆಂದು ಹೇಳಲು ಹಿಂಜರಿಯಲಿಲ್ಲ.

ಅದೇ 2022ರ ಆಗಸ್ಟ್‌ನಲ್ಲಿ ಕಾರ್ಡಿನಲ್ ಆದ ಪೂಲ ಅಂತೋಣಿಯವರು 2008ರಿಂದ ಸುಮಾರು 12 ವರ್ಷ ಹಿಂದೂಪುರ, ಕಲ್ಯಾಣದುರ್ಗ ಸೇರಿರುವ ಇದೇ ಕರ್ನೂಲು ಧರ್ಮಕ್ಷೇತ್ರದ ಬಿಷಪರಾಗಿದ್ದವರು. ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್. ಹೆಸರು ಮರೆಮಾಡಿಕೊಳ್ಳುವ ನಮ್ಮ ಹುಡುಗರಿಗೆ ಇದನ್ನು ಆಗಾಗ ನೆನಪಿಸುತ್ತಿರಬೇಕು.

“ಇವಳು ನಮ್ಮವಳೇ”

ಈ ಸೀಮೆಯಲ್ಲಿ, ಕನ್ನಡದವರಾಗಲಿ ತೆಲುಗಿನವರಾಗಲಿ, ಅಕ್ಕನ ಮಗಳನ್ನು ತಮ್ಮನಿಗೆ ತರುವುದು, ಸೋದರಮಾವನ ಮಗಳನ್ನು ತರುವುದು ಹಳೆಯ ರೂಢಿ. “ಹೊರಗಿನಿಂದ ಯಾರೋ ಬಂದು ಕಾಡುವುದಕ್ಕಿಂತ ನಮ್ಮವಳೇ ಇದ್ದರೆ ಮುದುಕಿಯಾದ ನನಗೆ ಒಂದು ತುತ್ತು ಹಾಕುತ್ತಾಳೆ” ಎನ್ನುವ ಅಜ್ಜಿಯ ಮಾತಿನಲ್ಲಿ ಪ್ರೀತಿ ಇಲ್ಲದಿಲ್ಲ. ಆದರೆ ರಕ್ತಸಂಬಂಧದಲ್ಲಿ ನಾಲ್ಕನೆಯ ಹಂತದವರೆಗೆ ಮದುವೆಯನ್ನು ಧರ್ಮಸಭೆ ನಿಷೇಧಿಸಿದೆ. ಸೋದರಮಾವನ ಮಗಳು ನಾಲ್ಕನೆಯ ಹಂತ. ಅಕ್ಕನ ಮಗಳು ಮೂರನೆಯದು. ಬಿಷಪರ ವಿನಾಯಿತಿ ಇಲ್ಲದೆ ಈ ಮದುವೆಗಳು ಸಿಂಧುವಾಗುವುದಿಲ್ಲ. ವಿನಾಯಿತಿಯನ್ನು ಸುಮ್ಮಸುಮ್ಮನೆ ಕೊಡುವುದೂ ಇಲ್ಲ. ಹುಟ್ಟುವ ಮಕ್ಕಳ ಆರೋಗ್ಯದ ಬಗ್ಗೆ ವೈದ್ಯರು ಹೇಳುವುದು ನಿಮಗೆ ಗೊತ್ತೇ ಇದೆ.

ನನಗೆ ಅದಕ್ಕಿಂತ ಹೆಚ್ಚು ಚಿಂತೆಯ ವಿಷಯ ಹುಡುಗಿಯ ಸಮ್ಮತಿ. ತೊಟ್ಟಿಲಲ್ಲಿ ಇದ್ದಾಗಲೇ “ಇವಳು ಅವನಿಗೆ” ಎಂದು ಹೇಳಿಟ್ಟ ಮಗುವಿಗೆ ಬೇಡ ಎನ್ನುವ ಬಾಯಿ ಎಲ್ಲಿಂದ ಬರಬೇಕು? ಅವಳನ್ನು ಒಬ್ಬಳನ್ನೇ ಕೂರಿಸಿ ಪ್ರಶ್ನೆ ಕೇಳುವುದು ಇದೇ ಕಾರಣಕ್ಕೆ. ಆಗ ಬಾಗಿಲ ಸಂದಿಯಲ್ಲಿ ಇಣುಕುವ ಅತ್ತೆ ಮಾವಂದಿರು ದಯವಿಟ್ಟು ಸಿಟ್ಟಾಗಬೇಡಿ. ಒತ್ತಾಯ, ಭಯದಿಂದ ಕೊಟ್ಟ ಸಮ್ಮತಿಗೆ ಬೆಲೆ ಇಲ್ಲ. ವಯಸ್ಸಿನ ಬಗ್ಗೆ ಹೇಳುವುದೇ ಬೇಡ, ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಮಾಡುವ ಮದುವೆ 2006ರ ಕಾಯಿದೆಯ ಪ್ರಕಾರ ಅಪರಾಧ. ವರದಕ್ಷಿಣೆಯೂ 1961ರಿಂದ ಅಪರಾಧವೇ. ಅದನ್ನು ಈಗ “ಉಡುಗೊರೆ” ಎನ್ನುತ್ತಾರೆ!

ಜಪಸರದ ಎರಡು ಅರ್ಧ

ಕರ್ನಾಟಕದ ಕಡೆಯಿಂದ ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಹೋದ ಹುಡುಗಿಯನ್ನು ಊಹಿಸಿಕೊಳ್ಳಿ. ಮುದ್ದೆಗೆ ಅಲ್ಲಿ ಸಂಗಟಿ ಎನ್ನುತ್ತಾರೆ, ಅದು ಒಂದು ವಾರದಲ್ಲಿ ರೂಢಿಯಾಗುತ್ತದೆ. ಸಂತೆಯ ಮಾತು ಎರಡು ತಿಂಗಳಲ್ಲಿ ಬರುತ್ತದೆ. ಭಾನುವಾರದ ಪೂಜೆ ಮಾತ್ರ ಬಹುಕಾಲ ಹೊರಗಿನದಾಗಿಯೇ ಉಳಿಯುತ್ತದೆ. ಅಮ್ಮನ ಮಡಿಲಲ್ಲಿ ಕಲಿತ ಪ್ರಾರ್ಥನೆ ಬಾಯಿಗೆ ಬರುವಷ್ಟರಲ್ಲಿ ಸುತ್ತಲಿನವರು ತೆಲುಗಿನಲ್ಲಿ ಮುಗಿಸಿರುತ್ತಾರೆ. ಮೌನವಾಗಿ ನಿಲ್ಲುತ್ತಾಳೆ. ಕ್ರಮೇಣ ಮನೆಯಲ್ಲೂ ಪ್ರಾರ್ಥನೆಗೆ ಮೌನಿಯಾಗುತ್ತಾಳೆ. “ನಮ್ಮ ಸೊಸೆಗೆ ಭಕ್ತಿ ಕಡಿಮೆ” ಎಂದು ಅತ್ತೆ ಹೇಳಿದರೆ ಅದು ಅನ್ಯಾಯ. ಅವಳಿಗೆ ಭಕ್ತಿ ಇದೆ, ಭಾಷೆ ಸಿಕ್ಕಿಲ್ಲ.

ಇದಕ್ಕೆ ನಾನು ಹೇಳುವ ಉಪಾಯ ಬಹಳ ಸರಳ. ಜಪಸರದ ಪ್ರತಿ ನಮೋ ಮರಿಯಾ ಪ್ರಾರ್ಥನೆಗೂ ಎರಡು ಅರ್ಧ ಇದೆ, ಒಬ್ಬರು ಆರಂಭಿಸಿ ಇನ್ನೊಬ್ಬರು ಮುಗಿಸುತ್ತಾರೆ. ಮೊದಲ ಅರ್ಧವನ್ನು ಗಂಡ ತೆಲುಗಿನಲ್ಲಿ ಹೇಳಲಿ, ಉಳಿದರ್ಧವನ್ನು ಹೆಂಡತಿ ಕನ್ನಡದಲ್ಲಿ ಮುಗಿಸಲಿ. ಮರುದಿನ ಅದಲು ಬದಲು. ಮಾತೆ ಮರಿಯಮ್ಮನವರಿಗೆ ಎರಡೂ ಬರುತ್ತದೆ. ಆರು ತಿಂಗಳಲ್ಲಿ ಇಬ್ಬರಿಗೂ ಎರಡೂ ಬಾಯಿಪಾಠವಾಗುತ್ತದೆ, ಪಕ್ಕದಲ್ಲಿ ಮಲಗಿರುವ ಕೂಸಿಗೂ. ಎರಡು ಲಿಪಿಗಳು ಹೇಗೂ ಅಕ್ಕತಂಗಿಯರು. ಅತ್ತೆ ಮನೆಯ ದೇವರನ್ನೇ ತನ್ನ ದೇವರೆಂದು ಒಪ್ಪಿಕೊಂಡ ರೂತಳ ಕಥೆ ನಮಗೆಲ್ಲ ಪ್ರಿಯ. ಆದರೆ ಬೈಬಲ್ ಕೊನೆಯವರೆಗೂ ಅವಳನ್ನು ಮೋವಾಬಿನ ರೂತಳು ಎಂದೇ ಕರೆಯುತ್ತದೆ, ಅವಳ ಊರನ್ನು ಅಳಿಸಿಹಾಕುವುದಿಲ್ಲ. ಆ ಪರದೇಶದ ಸೊಸೆಯ ಹೆಸರು ಯೇಸುಸ್ವಾಮಿಯ ವಂಶಾವಳಿಯಲ್ಲಿಯೇ ಸೇರಿತು. ಅತ್ತೆಯಂದಿರು ಈ ಭಾಗವನ್ನು ಇನ್ನೊಮ್ಮೆ ಓದಿಕೊಳ್ಳಲಿ.

ತಂದೆತಾಯಿಯನ್ನು ಬಿಟ್ಟು ಪತ್ನಿಯನ್ನು ಸೇರುವ ಬಗ್ಗೆ ಆದಿಕಾಂಡ ಹೇಳುವಾಗ ಬಿಡಬೇಕಾದವನು ಗಂಡಸು ಎಂಬುದನ್ನೂ ಗಮನಿಸಿ. ನಮ್ಮಲ್ಲಿ ಬಿಡುವವಳು ಹೆಣ್ಣು ಮಾತ್ರ. ಬಿಡುವುದೆಂದರೆ ಮುದಿ ತಾಯಿಯನ್ನು ಬೀದಿಗೆ ಹಾಕುವುದು ಎಂದು ಯಾರೂ ಅರ್ಥಮಾಡಿಕೊಳ್ಳಬೇಡಿ. ಹೆಂಡತಿಯ ಜೊತೆ ಕುಳಿತು ತೀರ್ಮಾನಿಸಬೇಕಾದ್ದನ್ನು ತಾಯಿಯ ಜೊತೆ ತೀರ್ಮಾನಿಸಿ ಬಂದು ತಿಳಿಸುವುದನ್ನು ಬಿಡಬೇಕು, ಅಷ್ಟೆ.

ಮಳೆ ಕೈಕೊಟ್ಟಾಗ

ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿ.ಮೀ. ಕಡಲೆಕಾಯಿ ನೆಚ್ಚಿದವರಿಗೆ ಒಂದು ವರ್ಷ ಬಂದರೆ ಎರಡು ವರ್ಷ ಇಲ್ಲ. ಹಾಗಾಗಿ ಕಲ್ಯಾಣದುರ್ಗದ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವವರು ಬಹಳ. ಹಿಂದೂಪುರದಲ್ಲಿ ಗಾರ್ಮೆಂಟ್ಸ್ ಇದೆ, ಬೆಂಗಳೂರಿಗೆ ರೈಲೂ ಇದೆ. ಗಂಡ ಅಲ್ಲಿ, ಹೆಂಡತಿ ಇಲ್ಲಿ, ನಡುವೆ ಒಂದು ಮೊಬೈಲ್. ಇಲ್ಲವೇ ಹೆಂಡತಿ ದುಡಿಯುತ್ತಾಳೆ, ಬೆಳೆ ಕಳೆದುಕೊಂಡ ಗಂಡ ಕಟ್ಟೆಯ ಮೇಲೆ ಕೂರುತ್ತಾನೆ.

ಇಲ್ಲಿಯೂ ತೊಂದರೆಯ ಬೇರು ಅದೇ. “ದುಡಿಯುವವನೇ ಗಂಡಸು” ಎಂಬುದನ್ನೇ ತನ್ನ ಗುರುತು ಮಾಡಿಕೊಂಡವನಿಗೆ ಮಳೆ ಕೈಕೊಟ್ಟ ದಿನ ತಾನು ಯಾರೆಂದೇ ತಿಳಿಯದಾಗುತ್ತದೆ. ಆಗ ಅವನಿಗೆ ಉಳಿಯುವುದು ಬಾಟಲಿ ಅಥವಾ ಹೆಂಡತಿಯ ಮೇಲಿನ ಅನುಮಾನ. ಸಂತ ಪೌಲರು ಎಫೆಸಿಯರಿಗೆ ಬರೆದ ಪತ್ರದಲ್ಲಿ ಗಂಡನಿಗೆ ಕೊಡುವ ಮಾದರಿ ಧರ್ಮಸಭೆಗಾಗಿ ತನ್ನನ್ನೇ ಕೊಟ್ಟುಕೊಂಡ ಕ್ರಿಸ್ತ. ಕೂಲಿ ಎಷ್ಟು ತಂದ ಎಂಬ ಮಾತು ಅಲ್ಲಿಲ್ಲ. ಹೆಂಡತಿ ಗಾರ್ಮೆಂಟ್ಸಿನಿಂದ ಬರುವ ಹೊತ್ತಿಗೆ ಮುದ್ದೆ ತಿರುವಿ ಇಟ್ಟ ಗಂಡನ ಗಂಡಸುತನಕ್ಕೆ ಏನೂ ಕೊರತೆಯಾಗುವುದಿಲ್ಲ.

ಈ ಜಿಲ್ಲೆಗೆ 1969ರಲ್ಲಿ ಬಂದ ವಿನ್ಸೆಂಟ್ ಫೆರರ್ ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ, ಜನರ ಬಾಯಲ್ಲಿ ಆರ್.ಡಿ.ಟಿ., ಕಲ್ಯಾಣದುರ್ಗದಲ್ಲೂ ಆಸ್ಪತ್ರೆ ನಡೆಸಿದೆ. ಬಡವರಿಗೆ ಅದು ಕಟ್ಟಿಸಿಕೊಟ್ಟ ಮನೆಗಳನ್ನು ಹೆಂಗಸರ ಹೆಸರಿಗೆ ಬರೆಸಿತು. ಕುಡಿದ ಗಂಡ ಮನೆ ಮಾರಲಾಗದು ಎಂಬ ಅನುಕೂಲ ಒಂದಾದರೆ, ತನ್ನ ಹೆಸರನ್ನು ಒಂದು ಕಾಗದದ ಮೇಲೆ ನೋಡಿದ ಹೆಂಗಸಿನ ನಡಿಗೆಯೇ ಬೇರೆಯಾಗುವುದು ಇನ್ನೊಂದು. ಒಂದು ಸೂರಿನಡಿ ಇಬ್ಬರು ಮನುಷ್ಯರು ಇದ್ದಾರೆ ಎಂಬುದು ಆಗ ನೆರೆಹೊರೆಗೂ ತಿಳಿಯುತ್ತದೆ.

ಕಲ್ಯಾಣದುರ್ಗಕ್ಕೆ ಆ ಹೆಸರು ಕಲ್ಯಾಣಪ್ಪ ಎಂಬ ಪಾಳೆಯಗಾರನಿಂದ ಬಂತೆಂದು ಹೇಳುತ್ತಾರೆ. ನನಗೋ ಆ ಹೆಸರು ಕೇಳಿದಾಗಲೆಲ್ಲ ಮತ್ತಾಯನ ಶುಭಸಂದೇಶದ ಏಳನೇ ಅಧ್ಯಾಯ ನೆನಪಾಗುತ್ತದೆ, ಬಂಡೆಯ ಮೇಲೆ ಕಟ್ಟಿದ ಮನೆ. ಕಲ್ಯಾಣವೂ ಇದೆ, ದುರ್ಗವೂ ಇದೆ! ಯೇಸುಸ್ವಾಮಿ ಆ ಸಾಮತಿಯಲ್ಲಿ ಬಂಡೆಯ ಮೇಲಿನ ಮನೆಗೆ ಬಿರುಗಾಳಿ ಬರುವುದಿಲ್ಲ ಎಂದು ಹೇಳಲಿಲ್ಲ. ಎರಡೂ ಮನೆಗೆ ಒಂದೇ ಮಳೆ, ಒಂದೇ ಗಾಳಿ.

ಬರುವಾಗ ಏನು ತರಬೇಕು

ಈ ವರ್ಷ ಮದುವೆ ಗೊತ್ತಾಗಿರುವವರು ಕನಿಷ್ಠ ಮೂರು ತಿಂಗಳ ಮೊದಲೇ ಗುರುಗಳನ್ನು ಕಾಣಿ. ಛತ್ರ ಗೊತ್ತು ಮಾಡಿ, ಪತ್ರಿಕೆ ಅಚ್ಚು ಹಾಕಿಸಿ ಆಮೇಲೆ ಬಂದರೆ ಕಷ್ಟ. ಇಬ್ಬರ ಹೊಸ ದೀಕ್ಷಾಸ್ನಾನ ಪತ್ರ, ದೃಢೀಕರಣದ ಪತ್ರ, ವಯಸ್ಸಿನ ದಾಖಲೆ ಬೇಕು. ಬೇರೆ ಧರ್ಮಕ್ಷೇತ್ರದವರಾದರೆ ಅಲ್ಲಿನ ಗುರುಗಳಿಂದ ಮದುವೆಗೆ ಅಡ್ಡಿಯಿಲ್ಲವೆಂಬ ಪತ್ರವೂ ಬೇಕು. ಎರಡೂ ಧರ್ಮಕೇಂದ್ರಗಳಲ್ಲಿ ಪೂಜೆಯ ವೇಳೆ ಮದುವೆಯ ಪ್ರಕಟಣೆ ಓದುತ್ತಾರೆ. ದಾಖಲೆಗಳಲ್ಲಿ ಹೆಸರು ಬೇರೆ ಬೇರೆ ಇದ್ದರೆ ಅದನ್ನು ಮುಚ್ಚಿಡದೆ ಮೊದಲ ದಿನವೇ ಹೇಳಿ. ಅದಕ್ಕೂ ಮಾರ್ಗವಿದೆ, ಆ ಮಾತು ಗುರುಗಳ ಕೊಠಡಿಯಿಂದ ಹೊರಗೆ ಹೋಗುವುದಿಲ್ಲ.

ವಿವಾಹ ಪೂರ್ವ ಶಿಬಿರಕ್ಕೆ ಇಬ್ಬರೂ ಬರಬೇಕು, “ಅವನಿಗೆ ರಜೆ ಇಲ್ಲ” ಎಂದು ಹುಡುಗಿಯೊಬ್ಬಳನ್ನೇ ಕಳುಹಿಸಬೇಡಿ. ಅಲ್ಲಿ ನಾವು ಪರೀಕ್ಷೆ ಇಡುವುದಿಲ್ಲ. ಸಾಲ ಎಷ್ಟಿದೆ, ಕಾಯಿಲೆ ಏನಾದರೂ ಇದೆಯೇ, ಮದುವೆಯ ಮೇಲೆ ಎಲ್ಲಿರುತ್ತೀರಿ, ತಾಯಿಗೆ ತಿಂಗಳಿಗೆ ಎಷ್ಟು ಕಳುಹಿಸುತ್ತೀರಿ, ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತೀರಿ ಎಂಬ ಪ್ರಶ್ನೆಗಳಿಗೆ ಒಬ್ಬರ ಮುಖ ಒಬ್ಬರು ನೋಡಿ ಉತ್ತರಿಸಲು ಸಮಯ ಕೊಡುತ್ತೇವೆ. ಜಗದ್ಗುರು ಫ್ರಾನ್ಸಿಸರು ಸಂಸಾರಸ್ಥರಿಗೆ ಪದೇ ಪದೇ ಹೇಳುತ್ತಿದ್ದ ಮೂರು ಸಣ್ಣ ಮಾತುಗಳನ್ನು, ಎಂದರೆ ಅನುಮತಿ ಕೇಳುವುದು, ಧನ್ಯವಾದ ಹೇಳುವುದು, ಕ್ಷಮೆ ಬೇಡುವುದು, ಅಭ್ಯಾಸ ಮಾಡಿಸುತ್ತೇವೆ. ಮೂರನೆಯದಕ್ಕೆ ಬಂದಾಗ ಹುಡುಗರ ದನಿ ಸ್ವಲ್ಪ ತಗ್ಗುತ್ತದೆ.

ಮದುವೆಯ ಮರುದಿನ ನೀವು ಬೀಗರ ಮನೆಯಲ್ಲಿ ಊಟಕ್ಕೆ ಕುಳಿತಿರುವಾಗ, ಮದುವೆ ಮಾಡಿಸಿದ ಗುರುಗಳು ನೀವು ದೀಕ್ಷಾಸ್ನಾನ ಪಡೆದ ಧರ್ಮಕೇಂದ್ರಕ್ಕೆ ಒಂದು ಕಾಗದ ಬರೆಯುತ್ತಾರೆ. ಅಲ್ಲಿನ ಗುರುಗಳು ಇಪ್ಪತ್ತೈದು ಮೂವತ್ತು ವರ್ಷ ಹಿಂದಿನ ಪುಸ್ತಕ ತೆಗೆದು, ನಿಮ್ಮ ಹೆಸರು ಹುಡುಕಿ, ಪಕ್ಕದ ಖಾಲಿ ಜಾಗದಲ್ಲಿ ನಿಮ್ಮ ಬಾಳಸಂಗಾತಿಯ ಹೆಸರು, ಊರು, ತಾರೀಖು ಬರೆದು, ಆಗಿದೆ ಎಂದು ಉತ್ತರ ಕಳುಹಿಸುತ್ತಾರೆ.